ಲಂಗಾಟಾದಲ್ಲಿ ನಾಲ್ಕು ಗಂಟೆ

ನೈರೋಬಿಯ ಲಂಗಾಟಾದಲ್ಲಿ ಬಳ್ಳಿ ಹಬ್ಬಿದ ಒಂದು ದೊಡ್ಡ ಕಲ್ಲಿನ ಮನೆಯಿದೆ. ಜಿರಾಫ್ ಮ್ಯಾನರ್ ಎಂದು ಅದರ ಹೆಸರು. ಈಗ ಅದು ಹೋಟೆಲು. ಬಿಸಿಲು ಇಳಿಯತೊಡಗಿದಾಗ ಅದರ ಮುಂದಿನ ಹುಲ್ಲುಹಾಸಿನಲ್ಲಿ ಚಹಾದ ಮೇಜು ಸಿದ್ಧವಾಗುತ್ತದೆ. ಪಿಂಗಾಣಿ ಕಪ್ಪು-ಸಾಸರು, ಬಿಸ್ಕತ್ತು, ಕೇಕು, ಬೆಣ್ಣೆ-ಜಾಮು ಹಚ್ಚಿಕೊಳ್ಳಲು ಸ್ಕೋನು, ಬೆರಳುದ್ದದ ಸ್ಯಾಂಡ್‌ವಿಚ್ಚು. ಹೊತ್ತು ಗೊತ್ತಿರುವ ಜಿರಾಫೆಗಳು ಪಕ್ಕದ ಕುರುಚಲು ಕಾಡಿನಿಂದ ಒಂದೊಂದಾಗಿ ಬಂದು ಅತಿಥಿಗಳ ಹೆಗಲ ಮೇಲಿಂದ ಕತ್ತು ಚಾಚುತ್ತವೆ. ಅವಕ್ಕೆ ಕೇಕು ಕೊಡುವಂತಿಲ್ಲ. ಬೇರೆ ಬಟ್ಟಲಲ್ಲಿ ಒತ್ತಿ ಮಾಡಿದ ಹುಲ್ಲಿನ ಉಂಡೆಗಳಿರುತ್ತವೆ. ಮೊಳದುದ್ದದ ಕಪ್ಪು-ನೇರಳೆ ನಾಲಿಗೆ ಒಂದು ಕೈಯಿಂದ ಉಂಡೆಯನ್ನು ಎಳೆದುಕೊಳ್ಳುತ್ತಿರುವಾಗ ಇನ್ನೊಂದು ಕೈಯಲ್ಲಿ ಚಹಾ ಚೆಲ್ಲದಂತೆ ಹಿಡಿದುಕೊಳ್ಳುವುದೇ ಅಲ್ಲಿಯ ಆಟ. ಆ ಭಂಗಿಯ ಫೋಟೊ ಜಗತ್ತಿನೆಲ್ಲ ಫೋನುಗಳಲ್ಲಿ ಓಡಾಡಿದೆ.

ಆ ಚಹಾ ಅಲ್ಲಿ ತಂಗಿದವರಿಗೆ ಮಾತ್ರ. ಇರುವುದು ಹನ್ನೆರಡು ಕೋಣೆ. ಒಬ್ಬರಿಗೆ ಒಂದು ರಾತ್ರಿಯ ಬಾಡಿಗೆ ಸಾವಿರ ಡಾಲರಿನ ಆಸುಪಾಸು, ಅದೂ ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಬೇಕು. ಅಲ್ಲಿ ಜಿರಾಫೆಗಳು ಕಿಟಕಿಯೊಳಗೂ ತಲೆ ಹಾಕುತ್ತವೆ ಎಂದು ಹಾಸನದಿಂದ ಬಂದಿದ್ದ ನಮ್ಮತ್ತೆಗೆ ವರ್ಣಿಸಿ, ಈ ಲೆಕ್ಕವನ್ನು ರೂಪಾಯಿಗೆ ಇಳಿಸಿ ಹೇಳಿದೆ. "ಕಿಟಕಿಯೊಳಗೆ ತಲೆ ಹಾಕೋದಕ್ಕೆ ಅಷ್ಟು ದುಡ್ಡೇನಪ್ಪಾ? ನಮ್ಮ ಕೊಟ್ಟಿಗೆ ಗೌರಿ ದಿನಾ ಅಡುಗೆಮನೆ ಕಿಟಕೀಲಿ ತಲೆ ಹಾಕ್ತಾಳೆ, ಒಬ್ರೂ ಕಾಸು ಬಿಚ್ಚಲ್ಲ" ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಮರುದಿನ ಪಕ್ಕದ ಜಿರಾಫ್ ಸೆಂಟರಿಗೆ ಟಿಕೇಟು ಕೊಂಡು ಕರೆದುಕೊಂಡು ಹೋದೆ. ಅಲ್ಲಿ ಚಿಕ್ಕ ಮೊತ್ತಕ್ಕೆ ಅದೇ ಜಿರಾಫೆ, ಅದೇ ನಾಲಿಗೆ. ಪಿಂಗಾಣಿ ಕಪ್ಪು ಮಾತ್ರ ಇಲ್ಲ.

ಮನೆಯ ಕಥೆಯೂ ಸಿಹಿತಿಂಡಿಯಿಂದಲೇ ಶುರುವಾಗುತ್ತದೆ. 1932ರಲ್ಲಿ ಅದನ್ನು ಕಟ್ಟಿಸಿದವರು ಸರ್ ಡೇವಿಡ್ ಡಂಕನ್, ಮ್ಯಾಕಿಂಟಾಷ್ ಟಾಫಿಯ ಮನೆತನದವರು. ಸ್ಕಾಟ್ಲೆಂಡಿನ ಬೇಟೆಮನೆಯೊಂದರ ಮಾದರಿಯನ್ನು ಭೂಮಧ್ಯರೇಖೆಯ ಹತ್ತಿರಕ್ಕೆ ತಂದು ನಿಲ್ಲಿಸಿದರು. ಸುತ್ತ ನೂರೈವತ್ತು ಎಕರೆ, ಎಂಬಗಾತಿ ಹೊಳೆಯವರೆಗೆ. 1974ರಲ್ಲಿ ಅದು ಜಾಕ್ ಮತ್ತು ಬೆಟ್ಟಿ ಲೆಸ್ಲಿ-ಮೆಲ್ವಿಲ್ ದಂಪತಿಯ ಕೈಗೆ ಬಂತು. ಆಗ ಪಶ್ಚಿಮ ಕೆನ್ಯಾದ ಸೋಯ್ ಎಂಬಲ್ಲಿ ಹದಿನೆಂಟು ಸಾವಿರ ಎಕರೆಯ ಜಮೀನೊಂದನ್ನು ಸಣ್ಣ ರೈತರಿಗೆ ಹಂಚುವ ಕೆಲಸ ನಡೆದಿತ್ತು. ಹಂಚಿಕೆ ನ್ಯಾಯವೇ. ಆದರೆ ಅಲ್ಲಿದ್ದ ರಾತ್ಸ್‌ಚೈಲ್ಡ್ ಜಿರಾಫೆಗಳಿಗೆ ಬೇರೆ ನೆಲೆ ಇರಲಿಲ್ಲ. ಕೆನ್ಯಾದಲ್ಲಿ ಅಂಥವು ಉಳಿದಿದ್ದದ್ದೇ ನೂರಿಪ್ಪತ್ತು-ನೂರಮೂವತ್ತು. ದಂಪತಿ ಒಂದು ಮರಿಯನ್ನು ಲಂಗಾಟಾಕ್ಕೆ ತಂದು ಬಾಟಲಿ ಹಾಲು ಕುಡಿಸಿ ಸಾಕಿದರು. ಡೈಸಿ ಎಂದು ಹೆಸರಿಟ್ಟರು. ಅವಳ ಹಿಂದೆ ಮಾರ್ಲನ್ ಬಂದ. ಆಮೇಲೆ ಜಿರಾಫೆಗಳನ್ನು ಬೇರೆ ಬೇರೆ ಅಭಯಾರಣ್ಯಗಳಿಗೆ ಸಾಗಿಸುವ ಕೆಲಸಕ್ಕೊಂದು ಸಂಸ್ಥೆ ಹುಟ್ಟಿತು. 1983ರಲ್ಲಿ ಜಿರಾಫ್ ಸೆಂಟರು ಸಾರ್ವಜನಿಕರಿಗೆ ತೆರೆಯಿತು. ಕೆನ್ಯಾದ ಶಾಲೆಮಕ್ಕಳು ಬಸ್ಸಿನಲ್ಲಿ ಬಂದು ಕಿರುಚಾಡುತ್ತ ಉಂಡೆ ತಿನ್ನಿಸುತ್ತಾರೆ. ಇವತ್ತು ದೇಶದಲ್ಲಿ ಆ ಜಾತಿಯ ಜಿರಾಫೆಗಳು ಹಲವು ನೂರು ಇವೆ. ಸಾಹೇಬರ ಚಹಾವನ್ನು ಗೇಲಿ ಮಾಡುವುದು ಸುಲಭ. ಆದರೆ ಈ ಒಂದು ಲೆಕ್ಕ ಅದರ ಪರವಾಗಿ ಬರೆಯಬೇಕಾದದ್ದು.

ಇನ್ನು ಚಹಾದ ವಿಷಯ. ಇಂಗ್ಲೆಂಡಿಗೆ ಚಹಾ ಹೋದದ್ದು ಚೀನಾದಿಂದ. ಪೋರ್ಚುಗೀಸ್ ರಾಜಕುಮಾರಿ ಕ್ಯಾಥರೀನ್ 1662ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯನ್ನು ಮದುವೆಯಾಗಿ ಬಂದ ಮೇಲೆ ಅರಮನೆಯಲ್ಲಿ ಅದು ಶೋಕಿಯಾಯಿತು. ಎಷ್ಟು ತುಟ್ಟಿ ಎಂದರೆ, ಎಲೆಯನ್ನು ಬೀಗ ಹಾಕುವ ಪೆಟ್ಟಿಗೆಯಲ್ಲಿಟ್ಟು ಕೀಲಿಯನ್ನು ಮನೆಯೊಡತಿ ಸೊಂಟದಲ್ಲಿ ಇಟ್ಟುಕೊಳ್ಳುತ್ತಿದ್ದಳು. 1784ರಲ್ಲಿ ಸರ್ಕಾರ ಅದರ ಮೇಲಿನ ತೆರಿಗೆಯನ್ನು ನೂರಕ್ಕೆ 119ರಿಂದ ಹನ್ನೆರಡೂವರೆಗೆ ಇಳಿಸಿತು. ಕಳ್ಳಸಾಗಣೆ ನಿಂತಿತು, ಕೂಲಿಕಾರರ ಮನೆಗೂ ಚಹಾ ಬಂತು. ಕೇಕು-ಬಿಸ್ಕತ್ತಿನ ಮಧ್ಯಾಹ್ನದ ಕೂಟ ಬಹಳ ತಡವಾಗಿ ಬಂದದ್ದು. ಶ್ರೀಮಂತರ ರಾತ್ರಿಯೂಟ ಎಂಟು ಗಂಟೆಗೆ ಸರಿದಿತ್ತು. ನಡುಹಗಲಿನ ತಿಂಡಿಗೂ ಅದಕ್ಕೂ ನಡುವೆ ಹೊಟ್ಟೆ ತಾಳಹಾಕುತ್ತದೆಂದು ಬೆಡ್‌ಫರ್ಡ್‌ನ ಡಚೆಸ್ ಆನಾ 1840ರ ಸುಮಾರಿಗೆ ಚಹಾದ ಜೊತೆ ಬ್ರೆಡ್ಡು-ಬೆಣ್ಣೆ ತರಿಸಿಕೊಳ್ಳತೊಡಗಿದಳು, ಗೆಳತಿಯರನ್ನೂ ಕರೆದಳು ಎಂದು ಹೇಳುತ್ತಾರೆ. ಕಾರ್ಖಾನೆಯಿಂದ ಆರು ಗಂಟೆಗೆ ದಣಿದು ಬರುವ ಕೂಲಿಕಾರನ ಮನೆಯಲ್ಲೂ ಚಹಾ ಇತ್ತು. ಆದರೆ ಅದರ ಜೊತೆ ಮಾಂಸ, ಆಲೂಗೆಡ್ಡೆ, ಬ್ರೆಡ್ಡು ಇದ್ದು ಅದೇ ಅವನ ರಾತ್ರಿಯೂಟವಾಗಿತ್ತು.

ಆ ಮೇಜನ್ನು ಒಮ್ಮೆ ಸರಿಯಾಗಿ ನೋಡಿ. ಎಲೆ ಮೊದಲು ಚೀನಾದ್ದು, ಆಮೇಲೆ ಅಸ್ಸಾಮಿನದು. ಸಕ್ಕರೆ ಕೆರಿಬಿಯನ್ ದ್ವೀಪಗಳ ಗುಲಾಮರ ಬೆವರಿನದು. ಪಿಂಗಾಣಿಯ ವಿದ್ಯೆ ಪೂರ್ವದ್ದು. ಕೇಕಿನೊಳಗಿನ ಒಣದ್ರಾಕ್ಷಿ, ಲವಂಗ, ಚಕ್ಕೆ ಯಾವುದೂ ಇಂಗ್ಲೆಂಡಿನ ಮಣ್ಣಿನಲ್ಲಿ ಬೆಳೆದದ್ದಲ್ಲ. ಹಾಲು, ಬೆಣ್ಣೆ, ಒಂದಿಷ್ಟು ಗೋಧಿಹಿಟ್ಟು ಅವರದು. ಹಾಗಾದರೆ ಇದರಲ್ಲಿ ಬ್ರಿಟಿಷರದು ಯಾವುದು? ನನಗೆ ಕಾಣುವಂತೆ, ಹೊತ್ತು. ನಾಲ್ಕು ಗಂಟೆಗೆ ಏನೇ ಕೆಲಸವಿರಲಿ ಕೂತುಬಿಡುವುದು. ಮತ್ತು ಆ ಕೂರುವಿಕೆಗಾಗಿ ಬೇರೆ ಯಾರೋ ನಿಂತಿರುವುದು.

ಇಲ್ಲೊಂದು ವಿಚಿತ್ರವೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆ ಕೂಟದಲ್ಲಿ ಚಹಾ ಬಗ್ಗಿಸುವವಳು ಆಳಲ್ಲ, ಮನೆಯೊಡತಿ. ಆಳು ಬಿಸಿನೀರು ತಂದಿಟ್ಟು ಹೊರಗೆ ಹೋಗಬೇಕು. ಕೀಲಿ ಸೊಂಟದಲ್ಲಿದ್ದ ಕಾಲದ ಅಭ್ಯಾಸ ಹಾಗೇ ಉಳಿದಿರಬಹುದು. ಎಂಟು ಗಂಟೆಯ ಊಟದಲ್ಲಿ ಚಮಚ ಎತ್ತಿಕೊಡಲೂ ಒಬ್ಬ ನಿಂತಿರಬೇಕಾಗಿದ್ದ ಮನೆಯಲ್ಲಿ, ನಾಲ್ಕು ಗಂಟೆಗೆ ಒಡತಿ ಎದ್ದು "ನಿಮಗೆ ಎಷ್ಟು ಸಕ್ಕರೆ?" ಎಂದು ಕೇಳಿ ತನ್ನ ಕೈಯಿಂದ ಬಡಿಸುತ್ತಿದ್ದಳು. ಅಷ್ಟರ ಮಟ್ಟಿಗೆ ಅದು ಮನುಷ್ಯರ ಕೂಟ.

ವಸಾಹತಿಗೆ ಬಂದ ಮೇಲೆ ಬಡಿಸುವ ಕೈಯೂ ಬೇರೆಯಾಯಿತು. ಲಂಗಾಟಾಕ್ಕೆ ಅಂಟಿಕೊಂಡಿರುವ, ಇವತ್ತು ಲಂಗಾಟಾ ಮತಕ್ಷೇತ್ರಕ್ಕೇ ಸೇರಿದ ಕರೆನ್‌ನಲ್ಲಿ ಡೆನ್ಮಾರ್ಕಿನ ಲೇಖಕಿ ಕರೆನ್ ಬ್ಲಿಕ್ಸೆನ್ ಅವರ ಮನೆ ಮ್ಯೂಸಿಯಮ್ಮಾಗಿದೆ. 1914ರಲ್ಲಿ ಕೆನ್ಯಾಕ್ಕೆ ಬಂದ ಅವರು ಎನ್‌ಗಾಂಗ್ ಬೆಟ್ಟದ ಬುಡದಲ್ಲಿ ಕಾಫಿ ಬೆಳೆಯಲು ಹೊರಟರು. ಕಾಫಿಗೆ ಆ ಜಾಗ ಮೀರಿದ ಎತ್ತರ. ಚಿಕ್ಕಮಗಳೂರಿನವರನ್ನು ಕೇಳಿದ್ದರೆ ಹೇಳುತ್ತಿದ್ದರೇನೋ. 1931ರಲ್ಲಿ ತೋಟ ಮಾರಿ ಊರಿಗೆ ಹೋದರು. 1937ರಲ್ಲಿ ಬಂದ 'ಔಟ್ ಆಫ್ ಆಫ್ರಿಕಾ' ಪುಸ್ತಕದಲ್ಲಿ ತಮ್ಮ ಅಡುಗೆಯವ ಕಮಾಂಟೆಯ ಬಗ್ಗೆ ಅವರು ವಿವರವಾಗಿ ಬರೆದಿದ್ದಾರೆ. ಕಾಲಿನ ತುಂಬ ಹುಣ್ಣು ತುಂಬಿಕೊಂಡು ಬಂದಿದ್ದ ಕಿಕುಯು ಹುಡುಗ, ವಾಸಿಯಾದ ಮೇಲೆ ಅಡುಗೆಮನೆ ಸೇರಿದ. ಯುರೋಪಿನ ನಾಜೂಕಿನ ತಿನಿಸುಗಳನ್ನು ಕಲಿತು ಕೈಪಳಗಿಸಿಕೊಂಡ. 1928ರಲ್ಲಿ ಬ್ರಿಟನ್ನಿನ ಯುವರಾಜ ಎಡ್ವರ್ಡ್ ಆ ಮನೆಗೆ ಊಟಕ್ಕೆ ಬಂದಾಗ ಅಡುಗೆ ಕಮಾಂಟೆಯದೇ, ಯುವರಾಜ ಮೆಚ್ಚಿಕೊಂಡ. ಆದರೆ ಕಮಾಂಟೆಗೆ ಆ ತಿನಿಸುಗಳ ಮೇಲೆ ಯಾವ ಆಸೆಯೂ ಇರಲಿಲ್ಲ. ಸುಟ್ಟ ಗೆಣಸು, ಜೋಳದ ತೆನೆ ಅವನ ಊಟ.

ಪುಸ್ತಕದಲ್ಲಿ ಇದು ಆ ಹುಡುಗನ ಸ್ವಭಾವದ ಒಂದು ವೈಚಿತ್ರ್ಯ. ನನಗೆ ಅದರಲ್ಲಿ ವೈಚಿತ್ರ್ಯ ಕಾಣುವುದಿಲ್ಲ. ತಾನು ಎಂದೂ ಕೂರಲಾಗದ ಮೇಜಿನ ತಿಂಡಿಗೆ ಬಾಯಲ್ಲಿ ನೀರೂರಿಸಿಕೊಳ್ಳದೆ ಇರುವುದು ಒಂದು ಮರ್ಯಾದೆ.

ಎಲೆಯ ಕಥೆಯಲ್ಲೂ ಇದೇ ಕೂತವರು-ನಿಂತವರ ಲೆಕ್ಕ. ನೈರೋಬಿಯ ಮಗ್ಗುಲಿನ ಲಿಮುರುವಿನಲ್ಲಿ 1903ರಲ್ಲಿ ಕೇನ್ ಸಹೋದರರು ಭಾರತದಿಂದ ತಂದ ಚಹಾ ಗಿಡ ನೆಟ್ಟರು, ಶೋಕಿಗೆ. ದೊಡ್ಡ ವ್ಯಾಪಾರ ಶುರುವಾದದ್ದು 1920ರ ದಶಕದಲ್ಲಿ, ಎರಡು ಕಂಪನಿಗಳು ಕೆರಿಚೊ ಬೆಟ್ಟಗಳಿಗೆ ಬಂದ ಮೇಲೆ. ಎರಡರ ಹೆಸರೂ ಕನ್ನಡಿಗರಿಗೆ ಪರಿಚಿತ. ಒಂದು ಬ್ರೂಕ್ ಬಾಂಡ್, ನಮ್ಮ ಮನೆಗಳ ರೆಡ್ ಲೇಬಲ್ ಪೊಟ್ಟಣದ್ದು. ಆರ್ಥರ್ ಬ್ರೂಕ್ ಎಂಬಾತ 1869ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂಗಡಿ ತೆರೆದ. ಬಾಂಡ್ ಎಂಬ ಪಾಲುದಾರ ಯಾವತ್ತೂ ಇರಲಿಲ್ಲ, ಕಿವಿಗೆ ಚೆನ್ನಾಗಿ ಕೇಳಿಸುತ್ತದೆಂದು ಸೇರಿಸಿಕೊಂಡದ್ದು. ಇನ್ನೊಂದು ಜೇಮ್ಸ್ ಫಿನ್ಲೆ, ಮುನ್ನಾರಿನ ಕಣ್ಣನ್ ದೇವನ್ ಬೆಟ್ಟಗಳನ್ನು ಚಹಾ ತೋಟ ಮಾಡಿದ ಕಂಪನಿ. ಮುನ್ನಾರಿಗೂ ಕೆರಿಚೊಗೂ ಹೋಗಿ ಬಂದವರು ಎರಡೂ ಒಂದೇ ಊರಿನ ಹಾಗಿದೆ ಎನ್ನುವುದುಂಟು. ಕತ್ತರಿಸಿದ ಹಸಿರು, ನಡುವೆ ಕೆಂಪು ದಾರಿ, ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಹೆಂಗಸರು.

ಆ ಹಸಿರಿನ ಕೆಳಗಿನ ನೆಲ ಕಿಪ್ಸಿಗಿಸ್ ಜನರದು. ಅವರ ನಡುವಿನ ತಲಾಯ್ ಕುಲದವರು, ಬ್ರಿಟಿಷರಿಗೆ ತಲೆಬಾಗದ ಹಿರಿಯರ ಮನೆತನದವರು. 1934ರಲ್ಲಿ ಒಂದು ಕಾನೂನು ಮಾಡಿ ಅವರನ್ನು ಸಾರಾಸಗಟಾಗಿ ಎಬ್ಬಿಸಿ, ವಿಕ್ಟೋರಿಯಾ ಸರೋವರದ ಕಡೆಯ ಗ್ವಾಸಿ ಎಂಬ ರೋಗದ ನಾಡಿಗೆ ಸಾಗಿಸಲಾಯಿತು. ಅವರ ಮಕ್ಕಳು-ಮೊಮ್ಮಕ್ಕಳು ಈಗಲೂ ನ್ಯಾಯ ಕೇಳುತ್ತಿದ್ದಾರೆ. 2021ರಲ್ಲಿ ವಿಶ್ವಸಂಸ್ಥೆಯ ತಜ್ಞರೂ ಬ್ರಿಟಿಷ್ ಸರ್ಕಾರದ ಮೌನದ ಬಗ್ಗೆ ಕಳವಳ ವ್ಯಕ್ತಪಡಿಸಿದರು. ಇನ್ನು ತಮ್ಮ ಸ್ವಂತ ಹೊಲದಲ್ಲಿ ಚಹಾ ಬೆಳೆಯುತ್ತೇವೆ ಎಂದರೆ ಆಫ್ರಿಕನ್ನರಿಗೆ ಅದಕ್ಕೂ ಅವಕಾಶವಿರಲಿಲ್ಲ. ಕುಯ್ಯಬಹುದು, ಹೊರಬಹುದು, ಬೆಳೆಯುವಂತಿಲ್ಲ.

ಅದು ಸಡಿಲವಾದ ವರ್ಷ 1954. ಸ್ವಿನರ್ಟನ್ ಯೋಜನೆ ಎಂಬ ಸರ್ಕಾರಿ ಯೋಜನೆ ಆಫ್ರಿಕನ್ ರೈತರಿಗೆ ಕಾಫಿ, ಚಹಾದಂಥ ಹಣದ ಬೆಳೆ ಬೆಳೆಯುವ ದಾರಿ ತೆರೆಯಿತು. ಸರ್ಕಾರಕ್ಕೆ ಒಮ್ಮೆಲೇ ಮನಸ್ಸು ಕರಗಿದ್ದಲ್ಲ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಮಾವ್ ಮಾವ್ ದಂಗೆ ನಡೆಯುತ್ತಿತ್ತು. ಅದೇ 1954ರ ಏಪ್ರಿಲ್ 24ರಂದು 'ಆಪರೇಷನ್ ಆ್ಯನ್ವಿಲ್' ಎಂಬ ಹೆಸರಿನಲ್ಲಿ ಸೈನ್ಯ ನೈರೋಬಿಯನ್ನು ಸುತ್ತುವರಿಯಿತು. ಕಿಕುಯು, ಎಂಬು, ಮೇರು ಜನರನ್ನು ಬೀದಿಬೀದಿಯಿಂದ ಹಿಡಿದು ಲಾರಿಗೆ ತುಂಬಿ ಒಂದು ಶಿಬಿರಕ್ಕೆ ಒಯ್ದಿತು. ಮುಳ್ಳುತಂತಿಯ ಒಳಗೆ ಸಾವಿರಾರು ಜನರನ್ನು ಸಾಲಾಗಿ ಕೂರಿಸಿ, ಯಾರು ದಂಗೆಕೋರ, ಯಾರು ಅಲ್ಲ ಎಂದು ಬೇರ್ಪಡಿಸಿ, ಅನುಮಾನ ಬಿದ್ದವರನ್ನು ದೂರದ ಬಂದೀಖಾನೆಗಳಿಗೆ ಅಟ್ಟಿತು. ಆ ಶಿಬಿರ ಇದ್ದದ್ದು ಲಂಗಾಟಾದಲ್ಲಿ. ಡಂಕನ್ನರ ಕಲ್ಲಿನ ಮನೆ ಕಟ್ಟಿ ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು.

ಒಂಬತ್ತು ವರ್ಷದ ಬಳಿಕ, 1963ರ ಡಿಸೆಂಬರ್ 12ರ ನಡುರಾತ್ರಿ, ಬ್ರಿಟಿಷ್ ಬಾವುಟ ಇಳಿದು ಕೆನ್ಯಾದ ಬಾವುಟ ಏರಿದ್ದೂ ಲಂಗಾಟಾ ರಸ್ತೆಯ ಬದಿಯಲ್ಲೇ. ಆ ಜಾಗ ಈಗ ಉಹುರು ಗಾರ್ಡನ್ಸ್. 2023ರ ಅಕ್ಟೋಬರಿನಲ್ಲಿ ಬಂದಿದ್ದ ಬ್ರಿಟನ್ನಿನ ದೊರೆ ಮೂರನೆಯ ಚಾರ್ಲ್ಸ್ ಅಲ್ಲಿಗೆ ಹೋಗಿ ಅನಾಮಿಕ ಯೋಧನ ಸಮಾಧಿಗೆ ಹೂಗುಚ್ಛ ಇಟ್ಟರು. ಆ ಕಾಲದ ಕ್ರೌರ್ಯಗಳಿಗೆ ಅಪಾರ ವಿಷಾದವಿದೆ ಎಂದರು. ಕ್ಷಮೆ ಕೇಳಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ, 1964ರಲ್ಲಿ, ಕೆನ್ಯಾ ಚಹಾ ಅಭಿವೃದ್ಧಿ ಸಂಸ್ಥೆ ಹುಟ್ಟಿತು. ಅರ್ಧ ಎಕರೆ, ಒಂದು ಎಕರೆಯ ರೈತರು ಬೆಳಗ್ಗೆ ಕುಯ್ದ ಎರಡೆಲೆ-ಒಂದು ಕುಡಿಯನ್ನು ಹತ್ತಿರದ ತೂಕದ ಕಟ್ಟೆಗೆ ತಂದು ಸುರಿಯುತ್ತಾರೆ. ಅಲ್ಲಿಂದ ರೈತರೇ ಪಾಲುದಾರರಾದ ಕಾರ್ಖಾನೆಗೆ ಹೋಗುತ್ತದೆ. ಇವತ್ತು ಆರು ಲಕ್ಷಕ್ಕೂ ಹೆಚ್ಚು ಸಣ್ಣ ಬೆಳೆಗಾರರು ಈ ವ್ಯವಸ್ಥೆಯಲ್ಲಿದ್ದಾರೆ. ದೇಶದ ಚಹಾದಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ. ಕರಿ ಚಹಾ ರಫ್ತಿನಲ್ಲಿ ಕೆನ್ಯಾ ಜಗತ್ತಿಗೇ ಮೊದಲು. ಅತಿ ದೊಡ್ಡ ಗಿರಾಕಿ ಬ್ರಿಟನ್ ಅಲ್ಲ, ಪಾಕಿಸ್ತಾನ. ಆದರೂ ಲಂಡನ್ನಿನ ಅಡುಗೆಮನೆಯ ಚಹಾ ಚೀಲದೊಳಗೆ ಕೆನ್ಯಾದ ಪುಡಿ ಧಾರಾಳವಾಗಿ ಇರುತ್ತದೆ. ಅಸ್ಸಾಮಿನಲ್ಲಿ 1930ರ ದಶಕದಲ್ಲಿ ಬಳಕೆಗೆ ಬಂದ ಸಿ.ಟಿ.ಸಿ. ಯಂತ್ರದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿದ ಪುಡಿ ಅದು. ಎರಡು ನಿಮಿಷದಲ್ಲಿ ಕಡು ಬಣ್ಣ ಬಿಡುತ್ತದೆ. ರೈತನಿಗೆ ಕೆ.ಜಿ.ಗಿಷ್ಟು ಎಂದು ತಿಂಗಳ ಹಣ, ವರ್ಷಕ್ಕೊಮ್ಮೆ ಬೋನಸ್. ಆ ಬೋನಸ್ಸಿನ ಜಗಳ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ನಮ್ಮ ಕಬ್ಬು ಬೆಳೆಗಾರರ ಬಾಕಿಯ ಸುದ್ದಿ ಓದಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕೆನ್ಯಾದವರು ಕುಡಿಯುವ ಚಹಾಕ್ಕೆ ಬರೋಣ. ಅದಕ್ಕೂ ಮ್ಯಾನರಿನ ಚಹಾಕ್ಕೂ ಸಂಬಂಧವೇ ಇಲ್ಲ. ಪಾತ್ರೆಯಲ್ಲಿ ನೀರು, ಹೆಚ್ಚುಕಡಿಮೆ ಅಷ್ಟೇ ಹಾಲು, ಪುಡಿ, ಸಕ್ಕರೆ ಎಲ್ಲ ಒಟ್ಟಿಗೆ ಹಾಕಿ ಉಕ್ಕು ಬರುವವರೆಗೆ ಕುದಿಸಿ, ಸೋಸಿ, ದೊಡ್ಡ ಫ್ಲಾಸ್ಕಿಗೆ ತುಂಬುತ್ತಾರೆ. ಕೆಲವರು ಶುಂಠಿ ಹಾಕುತ್ತಾರೆ. 'ಚಾಯ್ ಯಾ ಮಜೀವಾ', ಹಾಲಿನ ಚಹಾ. ಹಾಲು ಇಲ್ಲದ ದಿನ, ದುಡ್ಡು ಇಲ್ಲದ ದಿನ 'ಚಾಯ್ ಯಾ ರಂಗಿ', ಬಣ್ಣದ ಚಹಾ. ಬೆಡ್‌ಫರ್ಡ್ ಡಚೆಸ್ ನೋಡಿದ್ದರೆ ಮೂರ್ಛೆ ಹೋಗುತ್ತಿದ್ದಳು, ನಮ್ಮ ಹುಬ್ಬಳ್ಳಿಯ ಕಡಕ್ ಚಹಾದವರು ಇನ್ನೊಂದು ಕಪ್ಪು ಕೇಳುತ್ತಿದ್ದರು. ರೈಲು ಹಳಿ ಹಾಕಲು 1896ರಿಂದ ಇಲ್ಲಿಗೆ ಬಂದ ಭಾರತೀಯ ಕೂಲಿಗಳು, ಅವರ ಹಿಂದೆ ಬಂದ ಅಂಗಡಿಕಾರರು ಚಪಾತಿ, ಸಮೋಸದ ಜೊತೆ ತಮ್ಮ ಕುದಿಸುವ ಅಭ್ಯಾಸವನ್ನೂ ಇಲ್ಲಿಯ ಅಡುಗೆಮನೆಗಳಲ್ಲಿ ಬಿಟ್ಟಿದ್ದಾರೆ ಎನ್ನಲು ಅಡ್ಡಿಯಿಲ್ಲ.

ಹೊತ್ತನ್ನೂ ಬದಲಾಯಿಸಿಕೊಂಡರು. ಕೆನ್ಯಾದ ಕಚೇರಿ, ಶಾಲೆ, ಕಟ್ಟಡ ಕೆಲಸದ ಜಾಗ ಎಲ್ಲೆಡೆ ಚಹಾದ ಹೊತ್ತು ಬೆಳಗ್ಗೆ ಹತ್ತು ಗಂಟೆ. ಆ ಹೊತ್ತಿಗೆ ಸರ್ಕಾರಿ ಕಚೇರಿಗೆ ಕಾಗದ ಹಿಡಿದು ಹೋಗಬೇಡಿ, ಕೆಲಸ ಆಗುವುದಿಲ್ಲ. ಲಂಗಾಟಾ ರಸ್ತೆಯ ಬದಿಯಲ್ಲಿ, ಅದರಾಚೆಯ ಕಿಬೆರಾದ ಗಲ್ಲಿಗಳಲ್ಲಿ, ತಗಡಿನ ಗೂಡಂಗಡಿಯ ಮುಂದೆ ಹಲಗೆಬೆಂಚು ಹಾಕಿರುತ್ತದೆ. ಬಾಣಲೆಯಲ್ಲಿ ಮಂದಾಜಿ ಬೇಯುತ್ತಿರುತ್ತದೆ, ಮೈದಾಹಿಟ್ಟನ್ನು ಹುದುಗೆಬ್ಬಿಸಿ ಮೂರು ಮೂಲೆಯಾಗಿ ಕತ್ತರಿಸಿ ಕರಿದದ್ದು, ನಮ್ಮ ಮಂಗಳೂರು ಬನ್ಸಿನ ದಾಯಾದಿ. ಮನೆಗಳಲ್ಲಾದರೆ ಬೇಯಿಸಿದ ಗೆಣಸು, ಕೆಸುವಿನ ಗೆಡ್ಡೆ, ಇಲ್ಲವೇ ಬ್ಲೂ ಬ್ಯಾಂಡ್ ಮಾರ್ಗರಿನ್ ಹಚ್ಚಿದ ಬ್ರೆಡ್ಡು. ಬೆಂಚಿನ ಮೇಲೆ ಗಾರೆಯವನು, ಮೋಟರ್‌ಬೈಕಿನವನು, ಟೈ ಕಟ್ಟಿದ ಬ್ಯಾಂಕಿನ ಹುಡುಗ ಒತ್ತಿಕೊಂಡು ಕೂತಿರುತ್ತಾರೆ. ಕಮಾಂಟೆಯ ಗೆಣಸು ಚಹಾದ ಮೇಜಿಗೆ ಬಂದು ಕೂತದ್ದು ನನಗೆ ಬಹಳ ಇಷ್ಟವಾದ ಸಂಗತಿ. ಬಿಸ್ಕತ್ತನ್ನೂ ಅವರು ಇಂಗ್ಲೆಂಡಿನಿಂದ ಕಾಯಲಿಲ್ಲ. ನೈರೋಬಿಯ ಹೌಸ್ ಆಫ್ ಮಾಂಜಿ ಎಂಬ ಕಾರ್ಖಾನೆಯ ಬಿಸ್ಕತ್ತು ತಿಂದು ಹಲವು ತಲೆಮಾರು ಬೆಳೆದಿದೆ. ಅದನ್ನು ಕಟ್ಟಿದವರು ಕೆನ್ಯಾದ ಭಾರತೀಯ ಮೂಲದ ಮದತ್‌ಅಲಿ ಮಾಂಜಿ. ಬಿಸ್ಕತ್ತಿನ ದೊರೆ ಎಂದು ತಮ್ಮನ್ನೇ ತಮಾಷೆ ಮಾಡಿಕೊಂಡು ಆತ್ಮಕಥೆಗೆ ಹೆಸರಿಟ್ಟರು.

ನಾವು ಕನ್ನಡಿಗರು ಇದೇ ಕೆಲಸವನ್ನು ಇನ್ನೂ ಮೊದಲೇ ಮಾಡಿದ್ದೆವು. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಾಸನ ಸೀಮೆಯ ತಿರುಮಲಾಚಾರ್ ಮತ್ತು ಅವರ ಸಹೋದರರು ಬಿ.ಬಿ. ಬೇಕರಿ ತೆರೆದರು. ಬಿ.ಬಿ. ಎಂದರೆ ಬೆಂಗಳೂರು ಬ್ರದರ್ಸ್. ಮಿಠಾಯಿ ಅಂಗಡಿಗೆ ಬರುತ್ತಿದ್ದ ಒಬ್ಬ ಬಿಳಿಯ ಗಿರಾಕಿ ಅವರಿಗೆ ಬ್ರೆಡ್ಡು ಸುಡುವುದನ್ನು ಕಲಿಸಿದನೆಂದು ಹೇಳುತ್ತಾರೆ. ಮಡಿವಂತ ಅಯ್ಯಂಗಾರರು ಮೊಟ್ಟೆ ಬಿಟ್ಟು ಕೇಕು ಮಾಡಿದರು. ಬಿಸ್ಕತ್ತಿಗೆ ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಖಾರಾ ಬಿಸ್ಕತ್ತು ಮಾಡಿದರು. ಪಫ್‌ನೊಳಗೆ ಪಲ್ಯ ತುಂಬಿದರು. ಕೊಬ್ಬರಿ ತುಂಬಿದ ದಿಲ್ ಪಸಂದ್, ಮೇಲೆ ಜಾಮು ಸವರಿದ ಹನಿ ಕೇಕು ಬಂದವು. ಲಂಡನ್ನಿನ ಯಾವ ಚಹಾದ ಮೇಜಿನಲ್ಲೂ ಇವು ಸಿಕ್ಕುವುದಿಲ್ಲ. ನೈರೋಬಿಯ ಕನ್ನಡ ಮನೆಗಳಲ್ಲಿ ಊರಿಂದ ಯಾರಾದರೂ ಬಂದರೆ ಮೊದಲು ಸೂಟ್‌ಕೇಸಿನಲ್ಲಿ ಹುಡುಕುವುದು ಈ ಖಾರಾ ಬಿಸ್ಕತ್ತನ್ನೇ. ಅರ್ಧ ಪುಡಿಯಾಗಿರುತ್ತದೆ, ಪುಡಿಯನ್ನೂ ಬಿಡುವುದಿಲ್ಲ.

ಮೇರಿ ಬಿಸ್ಕತ್ತಿನದೂ ಇಂಥದೇ ಕಥೆ. 1874ರಲ್ಲಿ ರಷ್ಯಾದ ರಾಜಕುಮಾರಿ ಮರಿಯಾ, ವಿಕ್ಟೋರಿಯಾ ರಾಣಿಯ ಮಗನನ್ನು ಮದುವೆಯಾದಾಗ ಲಂಡನ್ನಿನ ಪೀಕ್ ಫ್ರೀನ್ ಕಂಪನಿ ಅವಳ ಹೆಸರಲ್ಲಿ ಈ ಬಿಸ್ಕತ್ತು ತಂದಿತು. ನಮ್ಮಲ್ಲಿ ಅದು ಜ್ವರ ಬಂದವರ ಪಥ್ಯವಾಯಿತು, ಸಕ್ಕರೆ ಕಾಯಿಲೆಯವರ ಸಮಾಧಾನವಾಯಿತು, ನೆಂಟರ ಮುಂದೆ ತಟ್ಟೆಯಲ್ಲಿಡುವ ಕನಿಷ್ಠ ಮರ್ಯಾದೆಯಾಯಿತು. ಚಹಾದಲ್ಲಿ ಅದ್ದಿ ತಿನ್ನುವುದು ಒರಟುತನ ಎಂದು ಶಿಷ್ಟ ಇಂಗ್ಲಿಷರು ಹೇಳುತ್ತಾರಂತೆ. ಅವರ ಕೂಲಿಕಾರರು ಅದ್ದಿಯೇ ತಿಂದರು, ನಾವೂ ಅದ್ದುತ್ತೇವೆ. ಬೇಗ ಎತ್ತದಿದ್ದರೆ ತುಂಡಾಗಿ ತಳ ಸೇರುತ್ತದೆ ಅಷ್ಟೆ.

ಹಾಗಾಗಿ ಬ್ರಿಟಿಷ್ ಚಹಾವನ್ನು ಸವಿಯುವುದರಲ್ಲಿ ನನಗೆ ಯಾವ ನಾಚಿಕೆಯೂ ಇಲ್ಲ. ಸರಿಯಾಗಿ ಮಾಡಿದರೆ ಅದು ಒಳ್ಳೆಯ ಪೇಯ. ಕುದಿವ ನೀರಲ್ಲಿ ಟೀಪಾಟನ್ನು ಬೆಚ್ಚಗೆ ಮಾಡಿಕೊಂಡು, ಪುಡಿ ಹಾಕಿ, ಕುದಿನೀರು ಹೊಯ್ದು, ನಾಲ್ಕು ನಿಮಿಷ ಮುಚ್ಚಿಟ್ಟು, ಹಾಲು ತುಸುವೇ ಬೆರೆಸಿದರೆ ಕೆನ್ಯಾದ ಪುಡಿ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಬೆಣ್ಣೆ ಬಿಸ್ಕತ್ತಿನ ಜೊತೆ ಅದು ಚೆನ್ನ. ಸ್ಕೋನು ಮಾತ್ರ ನನ್ನ ಮಟ್ಟಿಗೆ ಅತಿಯಾಗಿ ಹೊಗಳಿಸಿಕೊಂಡ ತಿಂಡಿ. ಬೆಣ್ಣೆ, ಜಾಮು ತೆಗೆದರೆ ಉಳಿಯುವುದು ಒಣ ಹಿಟ್ಟು. ನನ್ನ ತಕರಾರು ತಿಂಡಿಯ ಮೇಲಲ್ಲ, ಮ್ಯಾನರಿನ ಚಹಾವನ್ನು 'ಹಳೆಯ ಆಫ್ರಿಕಾದ ಸೊಗಸು' ಎಂಬ ಹೆಸರಲ್ಲಿ ಮಾರುವ ಪ್ರವಾಸಿ ಮಾತಿನ ಮೇಲೆ. ಹಳೆಯ ಆಫ್ರಿಕಾದಲ್ಲಿ ಆ ಮೇಜಿಗೆ ಆಫ್ರಿಕನ್ನರು ಕೂರುತ್ತಿರಲಿಲ್ಲ, ನಮ್ಮಂಥ ಕಂದುಬಣ್ಣದವರೂ ಕೂರುತ್ತಿರಲಿಲ್ಲ. ಇವತ್ತು ದುಡ್ಡಿದ್ದವರು ಯಾರು ಬೇಕಾದರೂ ಕೂರಬಹುದು. ಸೊಗಸು ಇರುವುದಾದರೆ ಈ ಹೊಸದರಲ್ಲಿದೆ.

ಬೇರೆಯವರ ಮೇಜಿನಲ್ಲಿ ಯಾರು ಕೂತರು, ಯಾರು ನಿಂತರು ಎಂದು ಇಷ್ಟು ಹೊತ್ತು ಎಣಿಸಿದ ಮೇಲೆ ನಮ್ಮ ಮನೆಯದನ್ನು ಬಿಡುವುದು ಸರಿಯಲ್ಲ. ಧಾರವಾಡದ ಗಿರ್ಮಿಟ್ಟಿನ ಸಂಜೆಯಾಗಲಿ, ಮಲೆನಾಡಿನ ಮಳೆಯ ಕಾಫಿಯಾಗಲಿ, ನೈರೋಬಿಯ ಕನ್ನಡ ಮನೆಯ ಭಾನುವಾರದ ಚಹಾವಾಗಲಿ, ನೆಂಟರು ಹರಟೆ ಹೊಡೆಯುವಾಗ ಒಲೆಯ ಮುಂದೆ ನಿಂತಿರುವವರು ಒಬ್ಬರೇ. ಅಮ್ಮನೋ, ಅತ್ತೆಯೋ, ಹೆಂಡತಿಯೋ. ಎರಡನೆಯ ಸುತ್ತು ಸೋಸಿ ಕೊಟ್ಟು ಬಂದು ತಮ್ಮ ಲೋಟ ಎತ್ತಿಕೊಳ್ಳುವ ಹೊತ್ತಿಗೆ ಅದರ ಮೇಲೆ ಕೆನೆ ಕಟ್ಟಿರುತ್ತದೆ. ಮನೆಗೆಲಸಕ್ಕೆ ಜನ ಇರುವ ಕಡೆ ಆ ಲೋಟವೇ ಬೇರೆ, ಕುಡಿಯುವ ಜಾಗವೇ ಬೇರೆ. ಲಂಗಾಟಾದ ಬಂಗಲೆಗಳಲ್ಲಿ ಈಗಲೂ ಹಾಗೇ ಇದೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಹಾಗೇ ಇದೆ.

ಜಿರಾಫೆ ನೋಡಿ ಹಿಂತಿರುಗುವಾಗ ನಮ್ಮತ್ತೆ ರಸ್ತೆಬದಿಯ ಬೆಂಚಿನ ಮೇಲೆ ಕೂತು ಮಂದಾಜಿ ತಿಂದರು, "ಏಲಕ್ಕಿ ಹಾಕಿದಾಳೆ ಕಣೋ" ಎಂದು ಮೆಚ್ಚಿಕೊಂಡರು. ಅಂಗಡಿಯ ಹೆಂಗಸು ತಾನೂ ಒಂದು ಲೋಟ ಹಿಡಿದು ಎದುರಿಗೆ ಕೂತಳು. ಭಾಷೆ ಇಬ್ಬರಿಗೂ ಬೇರೆ, ಹಾಲಿನ ಬೆಲೆಯ ಬಗ್ಗೆ ಕೈಸನ್ನೆಯಲ್ಲೇ ಮಾತಾಡಿಕೊಂಡರು. ನೈರೋಬಿಗೆ ಬರುವ ಕನ್ನಡಿಗರಿಗೆ ನಾನು ಹೇಳುವುದು ಇಷ್ಟೇ. ಜಿರಾಫ್ ಸೆಂಟರಿಗೆ ಬೆಳಗ್ಗೆ ಬೇಗ ಹೋಗಿ, ಆಗ ಅವಕ್ಕೆ ಹಸಿವಿರುತ್ತದೆ, ಹತ್ತಿರ ಬರುತ್ತವೆ. ಹತ್ತು ಗಂಟೆಗೆ ಹೊರಗೆ ಬಂದು ಚಹಾ ಕುಡಿಯಿರಿ. ಬರದವರು ಇವತ್ತು ಸಂಜೆ ನಾಲ್ಕಕ್ಕೆ ನೀವೇ ಎದ್ದು ನೀರಿಡಿ, ದಿನವೂ ಇಡುವವರನ್ನು ಮೊದಲು ಕೂರಿಸಿ, ಅವರ ಲೋಟ ಬಿಸಿಯಿರುವಾಗಲೇ ಕೊಡಿ. ನೀರು ಕುದಿಯುವಷ್ಟರಲ್ಲಿ ಬೀದಿ ಕೊನೆಯ ಬೇಕರಿಯಿಂದ ಕಾಲು ಕೆ.ಜಿ. ಖಾರಾ ಬಿಸ್ಕತ್ತು ತರಲು ಮಕ್ಕಳನ್ನು ಕಳಿಸಬಹುದು.